ಅಳಿಸದೆ ಬಿಟ್ಟ ಗಾಲಿ ಗುರುತು

ಬಸಪ್ಪ ಕಾಕಾ,

ಪತ್ರ ಬರೆಯುವುದನ್ನು ನಾಲ್ಕನೇ ಇಯತ್ತೆಯಲ್ಲಿ ಕಲಿಸಿದ್ದರು. ಮೊದಲು ‘ನಾವೆಲ್ಲ ಕ್ಷೇಮ’ ಎನ್ನಬೇಕು, ಆಮೇಲೆ ‘ನಿಮ್ಮ ಕ್ಷೇಮಕ್ಕೆ ಕಾಗದ ಹಾಕಿರಿ’ ಎನ್ನಬೇಕು. ಅಲ್ಲಿಗೇ ನನ್ನ ಶಾಲೆ ಮುಗಿಯಿತು. ಎರಡನೇ ಸಾಲನ್ನು ನಿಮಗೆ ಹೇಗೆ ಬರೆಯಲಿ? ಬಿಟ್ಟಿದ್ದೇನೆ. ನಾನು ಕ್ಷೇಮ. ಮುನಿರಾಜಣ್ಣನೂ ಕ್ಷೇಮ. ಶೆಡ್ಡಿನ ಹಗ್ಗದ ಮೇಲೆ ಚಹಾ ಬಣ್ಣದಲ್ಲಿ ಅದ್ದಿದ ಬ್ಯಾಂಡೇಜ್ ಬಟ್ಟೆ ಒಣಗುತ್ತಿದೆ. ನಿಮ್ಮ ಸ್ಟೂಲಿನ ಮೇಲೆ ನಾವಿಬ್ಬರೂ ಕೂರುವುದಿಲ್ಲ. ನಿಮಗೆ ಒಂದು ತಪ್ಪು ಒಪ್ಪಿಸಬೇಕು, ಒಂದು ಸುದ್ದಿ ಹೇಳಬೇಕು. ಎರಡೂ ಒಂದೇ ಗಾಲಿಯ ಗುರುತಿನ ಸಂಗತಿ.

ನಾನು ಮೊದಲ ಸಲ ಪೀಣ್ಯದ ಈ ಮಾದರಿ ಮಾಡುವ ಶೆಡ್ಡಿಗೆ ಬಂದ ದಿನ ನೀವು ನನ್ನ ಮುಖ ನೋಡಲಿಲ್ಲ, ಕೈ ನೋಡಿದಿರಿ. ಗಾರ್ಮೆಂಟ್ಸಿನಲ್ಲಿ ಅಂಗಿಗಳ ದಾರ ಕತ್ತರಿಸುತ್ತಿದ್ದ ಕೈ ಅದು. ಆ ಕಂಪನಿ ಬಾಗಿಲು ಹಾಕಿದ ಮೇಲೆ ಅವ್ವ, ನಮ್ಮ ಬಾಗಲಕೋಟೆ ಕಡೆಯವರು ಅಂತ ಕೇಳಿ, ನನ್ನನ್ನು ನಿಮ್ಮಲ್ಲಿಗೆ ಕರೆತಂದಿದ್ದಳು. ನಾನು ಅವಳ ಸೆರಗಿನ ಹಿಂದೆ ನಿಂತಿದ್ದೆ. ಮೇಜಿನ ಮೇಲೆ ಕಟ್ಟಿಗೆಯಲ್ಲಿ ಕೆತ್ತಿದ ಮಿಲಿಟರಿ ಲಾರಿ ಇತ್ತು. ಬಾಗಿಲು, ಸ್ಟೇರಿಂಗು, ಹಿಂದೆ ತೂಗುಹಾಕಿದ ಬಕೆಟ್ಟು ಸಹ ಇತ್ತು.

"ಎಷ್ಟ ದೊಡ್ಡದೈತಿ ಹೇಳು," ಅಂದಿರಿ.

ನಾನು ಗೇಣು ಮಾಡಿ ತೋರಿಸಿದೆ.

"ಅಲ್ಲ. ನೀ ಒಳಗ ಹೋಗಿ ಕುಂದ್ರು. ಈಗ ನೀನು ಹೆಬ್ಬೆಟ್ಟಿನಷ್ಟ ಅದಿ. ಈಗ ಹೇಳು."

ಹೆಬ್ಬೆಟ್ಟಿನಷ್ಟು ಆಗುವುದು ನನಗೆ ಕಷ್ಟವಾಗಲಿಲ್ಲ ಕಾಕಾ. ಜನರ ಮುಂದೆ ನಾನು ಯಾವಾಗಲೂ ಅಷ್ಟೇ ಇರುತ್ತಿದ್ದೆ. "ಭಾಳ ದೊಡ್ಡದೈತ್ರಿ," ಅಂದೆ. ನೀವು ಅವ್ವನ ಕಡೆ ತಿರುಗಿ "ನಾಳಿಂದ ಕಳಸು" ಅಂದಿರಿ.

ಬಲೆ ಮಾಡಲು ಕಲಿಸಿದ ಆ ಮೊದಲ ವಾರ ನೆನಪಿದೆಯೇ? ದಂಡಿನಲ್ಲಿ ಲಾರಿ, ಟ್ಯಾಂಕುಗಳನ್ನು ವಿಮಾನಗಳ ಕಣ್ಣಿನಿಂದ ಮರೆಮಾಡಲು ಎಲೆ ಬಣ್ಣದ ಬಲೆ ಹೊದಿಸುತ್ತಾರೆ, ನಮ್ಮ ಸಣ್ಣ ಲಾರಿಗೂ ಅಂಥದ್ದೇ ಬಲೆ ಬೇಕು ಅಂದಿರಿ. ಅಳತೆ ಕೇಳಿದ್ದಕ್ಕೆ ನೀವು ಕೊಟ್ಟ ಉತ್ತರ ಯಾವ ಸ್ಕೇಲಿನಲ್ಲೂ ಇಲ್ಲ. "ಆ ಹೆಬ್ಬೆಟ್ಟಿನ ಮನಷ್ಯಾನ ಮುಷ್ಟಿ ಬಲಿ ಕಣ್ಣಾಗ ತೂರಬೇಕು. ತಲಿ ತೂರಬಾರದು." ಔಷಧಿ ಅಂಗಡಿಯ ಬ್ಯಾಂಡೇಜ್ ಬಟ್ಟೆಯ ತೂತು ತೀರಾ ಸಣ್ಣದು. ನಾನು ಸೂಜಿಯಲ್ಲಿ ಒಂದು ಎಳೆ ಬಿಟ್ಟು ಒಂದು ಎಳೆ ಎಳೆದು ತೆಗೆದೆ. ನೀವು ಭೂತಗನ್ನಡಿಯಲ್ಲಿ ನೋಡಿದಿರಿ. ಅವತ್ತಿನಿಂದ ಬಲೆಯ ಕೆಲಸ ನನ್ನದಾಯಿತು. ಬಟ್ಟೆಯನ್ನು ತೆಳು ಗೋಂದಿನ ನೀರಿನಲ್ಲಿ ಅದ್ದುವುದು, ಮೊಳೆ ಹೊಡೆದ ಚೌಕಟ್ಟಿನ ಮೇಲೆ ಸೊಟ್ಟಗೆ ಎಳೆದು ಒಣಗಿಸುವುದು, ಸೋಸಿ ಒಣಗಿಸಿದ ಚಹಾಪುಡಿ, ಗೋಣಿ ನಾರು, ಅಕ್ಕಿಕಾಳಿನಷ್ಟು ಕತ್ತರಿಸಿದ ಬಟ್ಟೆ ಚೂರು ಅಂಟಿಸುವುದು. ಅದಕ್ಕೆ ಪೊರಕೆ ಕಡ್ಡಿಯ ಗೂಟಗಳು.

ಮೂರು ದಿನ ಕೂತು ಮಾಡಿದ ನನ್ನ ಮೊದಲ ಬಲೆಯನ್ನು ನೀವು ಲಾರಿಗೆ ಹೊದಿಸಿ ನನ್ನನ್ನು ಸ್ಟೂಲಿನ ಮೇಲೆ ಹತ್ತಿಸಿದಿರಿ. "ವಿಮಾನದಾಗ ಅದಿ ಅನ್ಕೋ. ಏನ್ ಕಾಣ್ತೈತಿ?"

ಗಾರ್ಮೆಂಟ್ಸಿನ ಕೈ ಅಲ್ಲವೇ, ಬಟ್ಟೆ ಚೂರುಗಳು ಗುಂಡಿ ಹೊಲಿದಂತೆ ಸಾಲಾಗಿ ಕೂತಿದ್ದವು. ಲಾರಿಯ ಮೂಲೆ ಮೂಲೆಯೂ ಬಲೆಯೊಳಗಿಂದ ಎದ್ದು ಕಾಣುತ್ತಿತ್ತು.

"ಅಂಗಿ ತೊಟ್ಟ ಲಾರಿ ಕಾಕಾ."

ನೀವು ನಕ್ಕಿರಿ. ನಾನು ನೋಡಿದ ನಿಮ್ಮ ಮೊದಲ ನಗು. "ಹಾಂ. ಚಂದ ಮಾಡಿದ್ರ ಸಿಕ್ಕಬೀಳ್ತಿ. ನಡುವ ದಟ್ಟ ಮಾಡು, ಅಂಚಿಗೆ ಹೋಗ್ತಾ ತೆಳುವು ಬಿಡು. ಲಾರಿಗೆ ತಾಗಿಸಬ್ಯಾಡ, ಗೂಟದ ಮ್ಯಾಲ ತೇಲಿಸು. ಅಂಚು ಎಲ್ಲಿ ಮುಗೀತು, ನೆಲ ಎಲ್ಲಿ ಸುರು ಆತು ಅಂತ ಹೇಳಾಕ ಬರಬಾರದು."

ಪ್ರತಿ ಬೆಳಿಗ್ಗೆ ಎಂಟೂವರೆಗೆ ಚಿಕ್ಕಬಾಣಾವರದಿಂದ ನಿಮ್ಮ ಮೊಪೆಡ್ ಬರುತ್ತಿತ್ತು. ಅದನ್ನು ಗೋಡೆಗೆ ಒರಗಿಸಿ, ಹುಣಸೆ ಟೊಂಗೆ ಹಿಡಿದು ಗೇಟಿನಿಂದ ಶೆಡ್ಡಿನ ಬಾಗಿಲವರೆಗೆ ಹಿಂದೆ ಹಿಂದಕ್ಕೆ ನಡೆಯುತ್ತ ಮಣ್ಣಿನ ಮೇಲಿನ ಗಾಲಿ ಗುರುತನ್ನು ಅಳಿಸುತ್ತಿದ್ದಿರಿ. ನಿಮ್ಮ ಹೆಜ್ಜೆಯೂ ಉಳಿಯುತ್ತಿರಲಿಲ್ಲ. ನಾಗಸಂದ್ರದ ನಮ್ಮ ಬಡಗಿ ಮುನಿರಾಜಣ್ಣ ಬಾಗಿಲಲ್ಲೇ ಕಾದಿದ್ದು ಕಿಚಾಯಿಸುತ್ತಿದ್ದ. "ಅಲ್ಲಾ ಕಾಕಾ, ವಿಮಾನ ಬಂದ್ರೆ ಮೊದ್ಲು ನಿಮ್ಮ ಮೊಪೆಡ್‌ಗೇ ಬಾಂಬ್ ಹಾಕ್ತಾರೆ ಅಂತಾನಾ? ಅದರ ಸೌಂಡ್‌ಗೆ ಪೈಲಟ್ಟೇ ಹೆದ್ರಿ ಓಡೋಗ್ತಾನೆ ಬಿಡಿ!" ನೀವು ಟೊಂಗೆ ಮೂಲೆಗಿಟ್ಟು "ನೀ ನಿನ್ನ ರಂದಾ ಹೊಡಿಯಪಾ" ಅನ್ನುತ್ತಿದ್ದಿರಿ, ಅಷ್ಟೇ. ಮೇಲೆ ವಿಮಾನದ ಸದ್ದಾದರೆ ನಿಮ್ಮ ಕೈ ತಾನಾಗಿಯೇ ಮೇಜಿನ ಸ್ಟೀಲ್ ಲೋಟವನ್ನು ಬೋರಲು ಹಾಕುತ್ತಿತ್ತು, ಹೊಳೆಯಬಾರದೆಂದು. ಚಹಾ ಇದ್ದರೂ ಸರಿ. ಎಷ್ಟು ಸಲ ಚಹಾ ಒರೆಸಿದ್ದೇನೆ. ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ. ನಾನು ಕೇಳುವವಳಲ್ಲ, ನೀವು ಹೇಳುವವರಲ್ಲ. ಕೇಳಿದ್ದರೆ ಈ ಪತ್ರ…

‘ಗಾಲಿ ಗುರುತು ಬ್ಯಾಡ’ ಎಂದು ನೀವು ಎಷ್ಟೋ ಗಿರಾಕಿಗಳಿಗೆ ಹೇಳಿದ್ದನ್ನು ಕೇಳಿದ್ದೇನೆ. ಮಾದರಿಯ ಹಲಗೆಯ ಮೇಲೆ ಪ್ಲಾಸ್ಟರ್ ಬಳಿದು ಮಣ್ಣು ಉದುರಿಸಿ ನೆಲ ಮಾಡಿದರೆ, ಅದರ ಮೇಲೆ ಟೈರಿನ ಅಚ್ಚು ಮೂಡಿಸಿ ಎಂದು ಎಲ್ಲರೂ ಕೇಳುತ್ತಿದ್ದರು. ನೋಡಲು ನಿಜದಂತೆ ಇರುತ್ತದಲ್ಲ. ಬೇಕಿದ್ದರೆ ಬೇರೆ ಕಡೆ ಮಾಡಿಸಿಕೊಳ್ಳಿ ಅನ್ನುತ್ತಿದ್ದಿರಿ. ಕಡೆಯದಾಗಿ ಬಂದ ಕೆಲಸ ನಿಮ್ಮದೇ ಹಳೆಯ ತುಕಡಿಯದು, ಲಾರಿ ಓಡಿಸುತ್ತಿದ್ದ ತುಕಡಿ. ಯುದ್ಧದ ಕಾಲದಲ್ಲಿ ಬಲೆಯ ಕೆಳಗೆ ನಿಂತ ಒಂದು ಲಾರಿಯನ್ನು ಅವರ ದೊಡ್ಡ ಹಾಲ್‌ನಲ್ಲಿ ಇಡಲು ಮಾಡಿಕೊಡಿ ಎಂದಿದ್ದರು. ನೀವು ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ "ಮಾಡೂನು" ಅಂದಿರಿ. ಆ ಲಾರಿಯನ್ನು ನೀವು ಕೆತ್ತಿದ ರೀತಿಯೇ ಬೇರೆ. ಒಳಗಿನ ಸೀಟಿನ ಮೇಲೆ ಮಡಚಿದ ಒಂದು ಕಂಬಳಿ ಇಟ್ಟಿರಿ. ಬಲೆ ಬಂದ ಮೇಲೆ ಅದು ಯಾರಿಗೆ ಕಾಣುತ್ತದೆ? ಆದರೂ ಇಟ್ಟಿರಿ.

ಆ ತುಕಡಿಯ ಚಿಕ್ಕ ವಯಸ್ಸಿನ ಸಾಹೇಬರೊಬ್ಬರು ಕೆಲಸ ನೋಡಲು ಬಂದ ದಿನ ನೀವು ಬಣ್ಣ ತರಲು ಪೇಟೆಗೆ ಹೋಗಿದ್ದಿರಿ. ಮುನಿರಾಜಣ್ಣ ಊಟಕ್ಕೆ ಹೋಗಿದ್ದ. ಸಾಹೇಬರು ಬಗ್ಗಿ ನೋಡಿ ಬಹಳ ಮೆಚ್ಚಿದರು. "ಇಲ್ಲಿ ಮುಂದೆ ಟೈರ್ ಮಾರ್ಕ್ಸ್ ಬರುತ್ತೆ ಅಲ್ವಾ? ಗಾಡಿ ಆಕಾಶದಿಂದ ಇಳಿದು ಬಂತಾ ಮತ್ತೆ?" ಎಂದು ನಕ್ಕರು. ‘ಇಲ್ಲ ಸಾರ್, ನಮ್ಮ ಕಾಕಾ ಹಾಕುವುದಿಲ್ಲ’ ಎಂದು ಹೇಳಬೇಕಿತ್ತು. ಇಷ್ಟೇ ಮಾತು. ನನ್ನ ನಾಲಿಗೆ ಏಳಲಿಲ್ಲ. ತಲೆ ಆಡಿಸಿಬಿಟ್ಟೆ. "ಗುಡ್, ಗುರುವಾರದೊಳಗೆ ಹಾಕ್ಬಿಡಿ" ಎಂದು ಹೋದರು.

ಮರುದಿನ ನೀವು ಬರುವ ಮೊದಲೇ ನಾನು ಶೆಡ್ಡು ತೆಗೆದೆ. ಒಪ್ಪಿಕೊಂಡಾಗಿತ್ತು, ಮಾಡಿ ತೋರಿಸಿದರೆ ನೀವು ಬೈದರೂ ಕಡೆಗೆ ಮೆಚ್ಚುತ್ತೀರಿ ಎಂದು ಮನಸ್ಸಿನ ಮೂಲೆಯಲ್ಲಿ ಇತ್ತು. ಸುಳ್ಳು ಯಾಕೆ ಹೇಳಲಿ, ಮೆಚ್ಚಬೇಕೆಂಬ ಆಸೆಯೇ ಹೆಚ್ಚಿತ್ತು. ಮುಂದಿನ ಖಾಲಿ ನೆಲಕ್ಕೆ ಹೊಸದಾಗಿ ಪ್ಲಾಸ್ಟರ್ ಬಳಿದೆ. ಲಾರಿಯ ಗಾಲಿಗಳೆಲ್ಲ ಆಗಲೇ ಅಂಟಿಸಿ ಬಲೆಯ ಕೆಳಗೆ ಹೋಗಿದ್ದವು. ಮಿಕ್ಕ ಗಾಲಿಗಳ ತಟ್ಟೆಯಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಹಸಿ ಪ್ಲಾಸ್ಟರ್ ಮೇಲೆ ಎರಡು ಸಾಲು ಉರುಳಿಸಿದೆ, ಹಲಗೆಯ ಅಂಚಿನಿಂದ ಬಲೆಯ ಅಂಚಿನವರೆಗೆ. ಬಹಳ ಚೆನ್ನಾಗಿ ಬಂತು ಕಾಕಾ. ಅದೇ ನನ್ನನ್ನು ಇವತ್ತಿಗೂ ಹೆದರಿಸುವುದು.

ನೀವು ಒಳಗೆ ಬಂದು ಟೊಂಗೆಯನ್ನು ಮೂಲೆಗಿಡುತ್ತ ಅದನ್ನು ನೋಡಿದಿರಿ. ಟೊಂಗೆ ಕೆಳಗೆ ಬಿತ್ತು. ನೀವು ಬೈಯಲಿಲ್ಲ. ಸ್ಟೂಲು ಎಳೆದು ಕೂತು, ನನ್ನ ಕಡೆ ನೋಡದೆ, ಮೇಜಿಗೆ ಹೇಳಿದಂತೆ ಹೇಳಿದಿರಿ.

"ಜಾಲಿ ತೋಪಿನಾಗ ನಾಕು ಲಾರಿ ನಿಲ್ಲಿಸಿದ್ವಿ. ಬಲಿ ಹಾಕಿದ್ವಿ. ಗುರುತು ಅಳಿಸೋ ಕೆಲಸ ನಂದು. ಅಳಿಸಿ, ಹೋಗಿ ತಗ್ಗಿನಾಗ ಬಿದ್ಕೊಂಡೆ. ಬೆಳಕು ಹರಿಯೂದ್ರಾಗ ವಿಮಾನ ಬಂತು. ಮೂರು ಬಿಟ್ಟು ಒಂದಕ್ಕ ಹೊಡೀತು. ಒಳಗ ಮಾರುತಿ ಮಲಗಿದ್ದ, ನನ್ನ ಜೋಡಿ ಡ್ರೈವರ್. ಬಲಿ ಛಲೋ ಇತ್ತು, ಗುರುತು ತೋರಿಸಿಕೊಟ್ತು ಅಂದ್ರು ಸಾಹೇಬ್ರು. ನಾನೂ ಕಂಡೆ. ಗುರುತು ಇತ್ತು."

ನಾನು ಬಿದ್ದ ಟೊಂಗೆಯನ್ನು ಎತ್ತಿ ಮೂಲೆಗಿಟ್ಟೆ.

"ನಾ ಅಳಿಸಿದ್ದೆ ಅಂತ ಕೈಗೆ ನೆನಪೈತಿ ರೇಣವ್ವ. ಕಣ್ಣಿಗೆ ನೆನಪಿಲ್ಲ. ಇಪ್ಪತ್ತೈದು ವರ್ಷ ಆತು. ಅಳಿಸಿದ್ನೋ, ಅಳಿಸೀನಿ ಅನ್ಕೊಂಡು ಮಲಗಿದ್ನೋ…"

ಆಮೇಲೆ ನೀವು ಭೂತಗನ್ನಡಿ ತೆಗೆದುಕೊಂಡಿರಿ. ಗುರುತಿನ ಮೇಲೆ ಬಗ್ಗಿ, ಅದರ ಅಗಲಕ್ಕೆ ಹೆಬ್ಬೆರಳಿನ ಉಗುರು ಇಟ್ಟು ನೋಡಿದಿರಿ. ಬಹಳ ಹೊತ್ತು.

"ಇದು ಯಾವ ಗಾಲಿ?"

"ತಟ್ಟ್ಯಾಗಿತ್ತು ಕಾಕಾ. ನೀರಿನ ಟ್ರೇಲರ್ದು ಇರಬೇಕು. ಲಾರಿ ಗಾಲಿ ಒಂದೂ ಉಳಿದಿರಲಿಲ್ಲ."

"ಸಣ್ಣ ಐತಿ," ಅಂದಿರಿ.

"ಅಳಿಸಿಬಿಡ್ತೀನಿ ಕಾಕಾ. ಈಗ ಅಳಿಸ್ತೀನಿ."

ನೀವು ಎದ್ದಿರಿ. ನಿಮ್ಮ ಮುಖದಲ್ಲಿ ಏನಿತ್ತು? ಎಷ್ಟು ಸಲ ಕಣ್ಣು ಮುಚ್ಚಿ ನೋಡಿದ್ದೇನೆ, ಸಿಗುವುದಿಲ್ಲ. "ಅಳಿಸಬ್ಯಾಡ," ಅಂದಿರಿ. ಮೊಪೆಡ್ ಹತ್ತಿ ಹೊರಟುಹೋದಿರಿ. ಹೋಗುವಾಗ ಗೇಟಿನವರೆಗೆ ಬಿದ್ದ ಗುರುತನ್ನು ಅಳಿಸಲಿಲ್ಲ. ಮುನಿರಾಜಣ್ಣ ಸಹ ಏನೂ ತಮಾಷೆ ಮಾಡದೆ ನಿಂತು ನೋಡಿದ.

ಮರುದಿನ ಎಂಟೂವರೆಗೆ ನಾನು ಗೇಟಿನಲ್ಲೇ ನಿಂತಿದ್ದೆ. ಒಂಬತ್ತಾಯಿತು. ಹತ್ತಕ್ಕೆ ನಿಮ್ಮ ಪಕ್ಕದ ಮನೆಯವರು ಸೈಕಲ್ಲಿನಲ್ಲಿ ಬಂದು ಸುದ್ದಿ ಹೇಳಿದರು. ನಿದ್ದೆಯಲ್ಲೇ ಎದೆಬಡಿತ ನಿಂತಿತು, ಎದ್ದೇ ಇಲ್ಲ ಎಂದರು. ನಾವು ಚಿಕ್ಕಬಾಣಾವರಕ್ಕೆ ಬಂದಾಗ ಕಾಕು ನನ್ನ ಕೈ ಹಿಡಿದು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. "ಲಗ್ನ ಆದಾಗಿಂದ ಗ್ವಾಡಿಗೆ ಆತು ಕುಂತ ನಿದ್ದಿ ಮಾಡತಿದ್ರವಾ. ನಿನ್ನೆ ಕಾಲು ಚಾಚಿ ಮಲಗಿದ್ರು. ಎರಡು ರೊಟ್ಟಿ ಜಾಸ್ತಿ ಹಾಕಿಸಿಕೊಂಡು ಉಂಡು, ಕಾಲು ಚಾಚಿ ಮಲಗಿದ್ರು." ಅವತ್ತು ಆ ಮಾತು ನನಗೆ ಅರ್ಥವಾಗಲಿಲ್ಲ. ಒಂದು ಮಾತ್ರ ಕಿವಿಯಲ್ಲಿ ಉಳಿದಿತ್ತು, ಅಳಿಸಬ್ಯಾಡ. ನಮ್ಮ ಕಡೆ ಹಿರಿಯರು ತುಂಬ ಸಿಟ್ಟಾದಾಗ ಹೀಗೆಯೇ ಅಲ್ಲವೇ ಅನ್ನುವುದು? ಬ್ಯಾಡ ಬಿಡು, ಇರಲಿ ಬಿಡು. ನಾನೇ ನಿಮ್ಮನ್ನು ಆ ತೋಪಿಗೆ ಮತ್ತೆ ಎಳೆದುಕೊಂಡು ಹೋದೆ. ಅಲ್ಲಿಂದ ನೀವು ವಾಪಸು ಬರಲಿಲ್ಲ.

ಎರಡು ತಿಂಗಳು, ದಿನಾ ಬೆಳಿಗ್ಗೆ ಎಂಟೂವರೆಗೆ ನನಗೆ ಮೊಪೆಡ್ ಸದ್ದು ಕೇಳಿಸಿತು. ಪೀಣ್ಯದಲ್ಲಿ ಎಷ್ಟು ಮೊಪೆಡ್ಡುಗಳು, ನನಗೆ ಗೊತ್ತು. ಆದರೆ ಆ ಸದ್ದು ಗೇಟಿನ ಹತ್ತಿರ ಬಂದು ನಿಲ್ಲುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ನಾನು ಹುಣಸೆ ಟೊಂಗೆ ತೆಗೆದುಕೊಂಡು, ನೆಲವನ್ನು ನೋಡದೆ, ಗೇಟಿನಿಂದ ಬಾಗಿಲವರೆಗೆ ಹಿಂದೆ ಹಿಂದಕ್ಕೆ ಅಳಿಸುತ್ತ ಬರುತ್ತಿದ್ದೆ. ಏನಿದೆ ಎಂದು ನೋಡಿಬಿಟ್ಟರೆ? ಏನೂ ಇಲ್ಲ ಎಂದು ಕಂಡುಬಿಟ್ಟರೆ? ಎರಡಕ್ಕೂ ಹೆದರಿಕೆ. ವಿಮಾನ ಬಂದರೆ ಲೋಟ ಬೋರಲಾಗುತ್ತಿತ್ತು, ನೋಡಿದರೆ ನನ್ನದೇ ಕೈ. "ಏನಮ್ಮಾ ರೇಣು, ನಿಂಗೂ ಅಂಟ್ಕೊಂಡ್ತಾ?" ಎಂದ ಮುನಿರಾಜಣ್ಣ, ನಗದೆ. ಆ ಮಾದರಿಯ ಮೇಲೆ ಬಟ್ಟೆ ಮುಚ್ಚಿ ಇಟ್ಟಿದ್ದೆ. ಅಳಿಸಲಿಲ್ಲ. ಕೊಡಲೂ ಇಲ್ಲ. ಸಾಹೇಬರು ಎರಡು ಸಲ ಹೇಳಿಕಳಿಸಿದರು.

ಹೋದ ಗುರುವಾರ ಅವರು ಗೋಪಾಲಪ್ಪ ಎಂಬ ಹಿರಿಯರನ್ನು ಕಳಿಸಿದರು. ನಿಮ್ಮ ತುಕಡಿಯಲ್ಲೇ ಇದ್ದವರು, ಎಲ್ಲ ಸರಿಯಾಗಿದೆಯೋ ನೋಡಿ ಬರಲಿ ಎಂದು. ತುಮಕೂರು ಕಡೆಯವರು, ಈಗ ಬಾಗಲಗುಂಟೆಯಲ್ಲಿ ಮಗಳ ಮನೆಯಲ್ಲಿ ಇದ್ದಾರಂತೆ. ನಾನು ಬಟ್ಟೆ ತೆಗೆದೆ. ಅವರು ಬಲೆ ನೋಡಿ "ಭಲೇ" ಅಂದರು. ಬಗ್ಗಿ ಕಂಬಳಿ ನೋಡಿದರು. ಆಮೇಲೆ ಕಣ್ಣು ನೆಲಕ್ಕೆ ಬಂತು.

"ಯಾರಮ್ಮ ಆಕಿದ್ದು ಈ ಗುರ್ತು?"

"ನಾನೇ ರೀ."

"ಬಸಪ್ಪ ಏಳಿದ್ನಾ, ಇಂಗೇ ಆಕು ಅಂತ?"

ಇಲ್ಲ, ಅವರಿಗೆ ಗೊತ್ತಿಲ್ಲದೆ ಹಾಕಿದೆ, ಲಾರಿಯ ಗಾಲಿ ಇರಲಿಲ್ಲ, ನೀರಿನ ಟ್ರೇಲರಿನ ಗಾಲಿಯಲ್ಲಿ ಹಾಕಿದೆ ಎಂದೆ. ಅವರು ಕೂತುಬಿಟ್ಟರು ಕಾಕಾ. ನಿಮ್ಮ ಸ್ಟೂಲಿನ ಮೇಲೆ. ನನಗೆ ಏಳಿ ಎನ್ನಲು ಆಗಲಿಲ್ಲ.

"ನೀರಿನ ಗಾಡಿ ನಂದು ಕಣಮ್ಮ," ಎಂದರು. "ಜೀಪಿಗೆ ಟ್ರೇಲರ್ ಕಟ್ಕೊಂಡು ಎಲ್ಲಾ ಲಾರಿಗೂ ನೀರು ಕೊಡೋದು ನನ್ ಕೆಲ್ಸ. ಅವತ್ತು ಕೋಳಿ ಕೂಗೋ ಒತ್ನಲ್ಲಿ ಆ ತೋಪಿಗೆ ಓದೆ. ನೆಲ ಎಂಗಿತ್ತು ಗೊತ್ತಾ? ಕಂಬ್ಳಿ ಆಸ್ದಂಗಿತ್ತು. ಒಂದ್ ಗೆರೆ ಇರ್ಲಿಲ್ಲ. ಬಸಪ್ಪ ಎಷ್ಟ್ ಚೆನ್ನಾಗಿ ಅಳ್ಸವ್ನೆ ಅನ್ಕೊಂಡೇ ಅದರ ಮ್ಯಾಲೆ ಗಾಡಿ ತಗೊಂಡೋದೆ. ಮಾರುತಿ ಎದ್ದು ಕ್ಯಾನ್ ತುಂಬುಸ್ಕೊಂಡ, ತಿರ್ಗಾ ಮಲಿಕ್ಕೊಂಡ. ಇನ್ನೂ ಮೂರ್ ಕಡೆ ಓಗ್ಬೇಕಿತ್ತು ನಂಗೆ. ಅಳಿಸ್ದೆ ಬಂದ್ಬಿಟ್ಟೆ."

ಹೊರಗೆ ಯಾವುದೋ ಶೆಡ್ಡಿನಲ್ಲಿ ಲೇತ್ ತಿರುಗುತ್ತಿತ್ತು. ಗಟ್ಟಿಯಾಗಿ ಮಾತಾಡಿದ್ದು ನಾನೇನಾ ಎಂದು ಈಗಲೂ ಅನುಮಾನ.

"ಯಾಕ ಹೇಳಲಿಲ್ಲ ಅವರಿಗೆ? ಇಪ್ಪತ್ತೈದು ವರ್ಷ ಅವರು… ಯಾಕ ಹೇಳಲಿಲ್ಲ?"

"ಏಳೋಣ ಅಂತ್ಲೇ ಇದ್ದೆ ಕಣಮ್ಮ. ಇಲ್ಲೇ ಎರಡ್ ಮೈಲಿ ದೂರದಾಗೆ ಇದ್ದೆ. ಒಂದ್ಸಲ ಬಸ್ ಸ್ಟಾಪಲ್ಲಿ ಅವ್ನ ಮೊಪೆಡ್ ಕಾಣ್ತು, ಬಸ್ಸಿನ ಇಂದೆ ನಿಂತ್ಕೊಂಡೆ. ಅವ್ನು ಓದ ಮ್ಯಾಲೆ ಈಚೆಗೆ ಬಂದೆ."

ಅವರು ಅಳುತ್ತಾರೆಂದು ನಾನು ಕಾದೆ. ಅಳಲಿಲ್ಲ. ಗುರುತು ಅಳಿಸಲೇ ಎಂದು ಕೇಳಿದೆ. ಬೇಕೆಂದೇ ಕೇಳಿದೆ ಕಾಕಾ, ಹೂಂ ಅಂದರೆ ಅವರನ್ನು ಎಂದಿಗೂ ಕ್ಷಮಿಸಬಾರದು ಎಂದುಕೊಂಡು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. "ಬ್ಯಾಡ. ಒಂದ್ ನೀರಿನ ಟ್ರೇಲರ್ ಮಾಡಿ, ಆ ಗುರ್ತಿನ ಕೊನೇಲಿ ನಿಲ್ಸಮ್ಮ. ಅದ್ಕೆ ಬಲೆ ಆಕ್ಬೇಡ."

ನಾಲ್ಕು ದಿನ ಮುನಿರಾಜಣ್ಣ ಮತ್ತು ನಾನು ಅದನ್ನೇ ಮಾಡಿದೆವು. ಟ್ಯಾಂಕು, ಕೊಕ್ಕೆ, ನಲ್ಲಿ ಎಲ್ಲ ಅವನೇ ಕೆತ್ತಿದ. ಗಾಲಿ ಮಾತ್ರ ನಿಮ್ಮದೇ, ಅವತ್ತು ನಾನು ಉರುಳಿಸಿದ್ದು. ಇಡುವಾಗ ಅದು ಗುರುತಿನಲ್ಲಿ ಸರಿಯಾಗಿ ಕೂತಿತು, ಅಲ್ಲಿಂದಲೇ ಬಂದದ್ದಲ್ಲವೇ. ಬಲೆಯ ಅಂಚಿನ ಹೊರಗೆ, ಬಿಸಿಲಿನಲ್ಲಿ, ನೀರಿನ ಗಾಡಿ ನಿಂತಿದೆ. ಅದಕ್ಕೆ ಮಂಕು ಬಣ್ಣ ಬಳಿಯಲಿಲ್ಲ. ಹೊಳೆಯುತ್ತದೆ. ಇವತ್ತು ಮಧ್ಯಾಹ್ನ ಗೋಪಾಲಪ್ಪನವರೇ ಬಂದು ಮಾದರಿಯನ್ನು ಎರಡು ಕೈಯಲ್ಲಿ ಹಿಡಿದು ಜೀಪಿನಲ್ಲಿ ಕೂತರು. ಜೊತೆ ಬಂದಿದ್ದ ಸಾಹೇಬರು ಇದೇನು ಹೊಸದಾಗಿ ಸೇರಿಸಿದ್ದೀರಿ ಎಂದು ಕೇಳಿದ್ದಕ್ಕೆ "ಇದು ಇತ್ತು ಸಾರ್. ನಾವ್ ಯಾರೂ ಏಳಿರ್ಲಿಲ್ಲ" ಎಂದರು. ಚಿಕ್ಕಬಾಣಾವರಕ್ಕೆ ಹೋಗಿ ಕಾಕುಗೂ ಹೇಳುತ್ತೇನೆ ಎಂದಿದ್ದಾರೆ. ಹೇಳದಿದ್ದರೆ ನಾನೇ ಹೇಳುತ್ತೇನೆ. ಈಗ ನನಗೆ ಮಾತು ಬರುತ್ತದೆ.

ನಿಮಗೆ ಹೇಳಬೇಕಿದ್ದ ಸುದ್ದಿ ಇಷ್ಟೇ. ನೀವು ಅಳಿಸಿದ್ದಿರಿ. ನಿಮ್ಮ ಕೈಗೆ ಸರಿಯಾಗಿಯೇ ನೆನಪಿತ್ತು. ಆದರೆ ಕಾಕಾ, ಇದು ನಿಮಗೆ ಸುದ್ದಿಯೋ ಅಲ್ಲವೋ ನನಗೆ ತಿಳಿಯುತ್ತಿಲ್ಲ. ಉಗುರಿನಲ್ಲಿ ಅಗಲ ಅಳೆದು ‘ಸಣ್ಣ ಐತಿ’ ಅಂದಿರಲ್ಲ, ಆಗ ನಿಮ್ಮ ಕಣ್ಣಿಗೂ ನೆನಪಾಯಿತೇ? ಆ ಬೆಳಿಗ್ಗೆ ಹೊಗೆಯಲ್ಲಿ ಕಂಡ ಗುರುತು ಎಷ್ಟು ಅಗಲ ಇತ್ತು ಎಂದು? ಅದಕ್ಕೇ ಎರಡು ರೊಟ್ಟಿ ಹೆಚ್ಚು ಹಾಕಿಸಿಕೊಂಡು, ಕಾಲು ಚಾಚಿ… ಹೌದು ಎಂದುಕೊಂಡರೆ ನನಗೆ ನಿದ್ದೆ ಬರುತ್ತದೆ. ಹೌದು ಎನ್ನಲು ನೀವಿಲ್ಲ.

ನಾಳೆಯಿಂದ ಹುಣಸೆ ಟೊಂಗೆ ಮುಟ್ಟುವುದಿಲ್ಲ. ಗೇಟಿನಿಂದ ಬಾಗಿಲವರೆಗಿನ ಮಣ್ಣು ಹೇಗಿದೆಯೋ ಹಾಗೇ ಇರಲಿ. ಎಂಟೂವರೆಗೆ ಕಣ್ಣು ಬಿಟ್ಟು ನೆಲ ನೋಡುತ್ತೇನೆ. ನಿಮ್ಮ ಮೊಪೆಡ್ ಬಂದಿದ್ದರೆ ನನಗೆ ಗೊತ್ತಾಗಬೇಕಲ್ಲ.

ನಿಮ್ಮ
ರೇಣವ್ವ